ಭಿನ್ನವಾದ ವಿಗ್ರಹ



ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಅವರ ಮನಸ್ಸಿನಲ್ಲಿದ್ದ ವಿಷಯ ಯಾವುದೆಂದು ನನಗೆ ತಿಳಿಯದೇ ಇರಲಿಲ್ಲ. ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿ ಬೆಳೆಸುವ ಬಗೆ ಹೇಗೆ ಎಂಬುದು ಎರಡು ವರ್ಷಕ್ಕೊಮ್ಮೆ ನಾವು ನಮಗೇ ಹಾಕಿಕೊಳ್ಳುವ ಪ್ರಶ್ನೆ. ಅದನ್ನು ನನಗಿಂತ ಬಲ್ಲವರು ಈ ಸಂಚಿಕೆಯಲ್ಲಿಯೇ ಚರ್ಚಿಸಿರುತ್ತಾರೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಮೂವತ್ತೈದು ವರ್ಷಗಳಿಂದ ಕ್ಯುಪರ್ಟಿನೋದಲ್ಲಿ ಸಂಸಾರ ನಡೆಸಿಕೊಂಡು ಬಂದಿರುವ ನನ್ನಂಥ ಗೃಹಿಣಿ ಮಕ್ಕಳ ಕಾರ್ಟೂನ್ ಸಿನಿಮಾ ಒಂದರ ವಿಚಾರ ಬರೆಯಹೊರಟರೆ ತಾವು ಮುಗುಳ್ನಗಬಹುದು. ನಗಲು ಅಡ್ಡಿಯಿಲ್ಲ. ಕೊನೆಯವರೆಗೆ ಓದಿದರೆ ಸಾಕು.

2025ರ ಜುಲೈ ತಿಂಗಳಲ್ಲಿ ನಮ್ಮ ಸ್ಥಳೀಯ ಕನ್ನಡ ಸಂಘವೊಂದರ ಸಭೆ ಸೇರಿತ್ತು. ದೀಪಾವಳಿ ಮತ್ತು ರಾಜ್ಯೋತ್ಸವದ ಮನರಂಜನಾ ಕಾರ್ಯಕ್ರಮಗಳ ಪಟ್ಟಿ ಸಿದ್ಧವಾಗಬೇಕಾಗಿತ್ತು. ಏಳನೆಯ, ಎಂಟನೆಯ ತರಗತಿಯ ಐವರು ಹೆಣ್ಣುಮಕ್ಕಳು ‘ಗೋಲ್ಡನ್’ ಎಂಬ ಹಾಡಿಗೆ ನೃತ್ಯ ಮಾಡಲು ಅವಕಾಶ ಬೇಕೆಂದು ಅರ್ಜಿ ಹಾಕಿಕೊಂಡಿದ್ದರು. ಅದು ಕನ್ನಡವೂ ಅಲ್ಲ, ಹಿಂದಿಯೂ ಅಲ್ಲ. ಅರ್ಧ ಇಂಗ್ಲಿಷು, ಅಲ್ಲಲ್ಲಿ ಕೊರಿಯನ್. ಸಭೆ ಎರಡು ನಿಮಿಷದಲ್ಲಿ ಅದನ್ನು ತಳ್ಳಿಹಾಕಿತು. ‘ನಮ್ಮ ವೇದಿಕೆಯ ಮೇಲೆ ಕೊರಿಯಾದ ಹುಚ್ಚು ಏಕೆ?’ ಎಂದವರಲ್ಲಿ ನಾನೇ ಮೊದಲಿಗಳು. ಆ ಮಕ್ಕಳಿಗೆ ಉತ್ತರ ಬರೆದು ಕಳಿಸುವ ಕೆಲಸವೂ ನನ್ನ ಪಾಲಿಗೇ ಬಂದಿತು. ‘ಮುಂದಿನ ಸಲ ನಮ್ಮ ಸಂಸ್ಕೃತಿಗೆ ಒಪ್ಪುವಂಥದ್ದನ್ನು ಆರಿಸಿಕೊಳ್ಳಿ’ ಎಂದು ಬುದ್ಧಿವಾದವನ್ನೂ ಸೇರಿಸಿದೆ.

ಆಗ ನಾನು ಆ ಚಿತ್ರವನ್ನು ನೋಡಿರಲಿಲ್ಲ.

ಚಿತ್ರದ ಹೆಸರು ‘ಕೆ-ಪಾಪ್ ಡೀಮನ್ ಹಂಟರ್ಸ್’. 2025ರ ಜೂನ್ 20ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ಆ ಸಂಸ್ಥೆಯ ಪ್ರಧಾನ ಕಚೇರಿ ನಮ್ಮ ಮಗ್ಗುಲಿನ ಲಾಸ್ ಗ್ಯಾಟೋಸ್‌ನಲ್ಲಿಯೇ ಇದ್ದರೂ ಚಿತ್ರದ ಹುಚ್ಚು ನಮ್ಮ ಮನೆಗೆ ಬಂದದ್ದು ಮೂರನೆಯ ತರಗತಿಗೆ ಹೋಗುವ ಮೊಮ್ಮಗಳ ಮೂಲಕ. ಆಗಸ್ಟ್ 23 ಮತ್ತು 24ರಂದು ಪ್ರೇಕ್ಷಕರೂ ಜೊತೆಗೂಡಿ ಹಾಡುವ ವಿಶೇಷ ಪ್ರದರ್ಶನಗಳನ್ನು ಚಿತ್ರಮಂದಿರಗಳಲ್ಲಿ ಏರ್ಪಡಿಸಿದ್ದರು. ಮಗಳು, ಮೊಮ್ಮಗಳು, ನಾನು ಮೂವರೂ ಹೋದೆವು. ಮೊಮ್ಮಗಳಿಗೆ ಅದು ಎಷ್ಟನೆಯ ಸಲವೋ ದೇವರಿಗೇ ಗೊತ್ತು. ಚಿತ್ರಮಂದಿರದಲ್ಲಿ ಚೀನೀ, ಕೊರಿಯನ್, ಮೆಕ್ಸಿಕನ್, ತೆಲುಗು, ಕನ್ನಡ ಎಲ್ಲ ಮನೆಗಳ ಹೆಣ್ಣುಮಕ್ಕಳೂ ಎದ್ದು ನಿಂತು ಒಂದೇ ಕಂಠದಲ್ಲಿ ಹಾಡುತ್ತಿದ್ದರು. ನಮ್ಮೂರಿನ ರಾಮನವಮಿಯ ಪೆಂಡಾಲಿನಲ್ಲಿಯೂ ಅಂಥ ಏಕಕಂಠವನ್ನು ನಾನು ಕೇಳಿದ್ದಿಲ್ಲ.

ನೋಡದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ರೂಮಿ, ಮೀರಾ, ಝೋಯಿ ಎಂಬ ಮೂವರು ತರುಣಿಯರ ‘ಹಂಟ್ರಿಕ್ಸ್’ ಎಂಬ ಗಾಯಕ ತಂಡ ಲೋಕಪ್ರಸಿದ್ಧವಾಗಿದೆ. ಹಗಲು ಹೊತ್ತು ಅವರು ಐಡಲ್‌ಗಳು, ಮರೆಯಲ್ಲಿ ರಕ್ಕಸರನ್ನು ಬೇಟೆಯಾಡುವವರು. ತಲೆಮಾರುಗಳಿಂದ ಹೀಗೆ ಮೂವರು ಹೆಣ್ಣುಮಕ್ಕಳು ಹಾಡಿನ ಬಲದಿಂದ ಲೋಕಕ್ಕೆ ಒಂದು ರಕ್ಷೆಯನ್ನು ನೆಯ್ದುಕೊಂಡು ಬಂದಿದ್ದಾರೆ. ಅದು ಬಂಗಾರದ ಬಣ್ಣಕ್ಕೆ ತಿರುಗಿದ ದಿನ ರಕ್ಕಸರ ಕಾಟ ಶಾಶ್ವತವಾಗಿ ತೀರುತ್ತದೆ. ಆದರೆ ರೂಮಿ ಅರ್ಧ ರಕ್ಕಸಿ, ತಂದೆಯ ಕಡೆಯಿಂದ ಬಂದದ್ದು. ಅವಳ ಮೈಮೇಲೆ ನೇರಳೆ ಬಣ್ಣದ ಗೆರೆಗಳು ಹಬ್ಬುತ್ತಿವೆ. ತಾಯಿ ತೀರಿಹೋದ ಮೇಲೆ ಅವಳನ್ನು ಸಾಕಿದ ಸೆಲೀನ್ ಎಂಬಾಕೆ ಆ ಗೆರೆಗಳು ಯಾರ ಕಣ್ಣಿಗೂ ಬೀಳಬಾರದೆಂದು ಬಾಲ್ಯದಿಂದಲೇ ಕಲಿಸಿದ್ದಾಳೆ. ರೂಮಿ ಯಾವಾಗಲೂ ತುಂಬು ತೋಳಿನ ಉಡುಪು ತೊಡುತ್ತಾಳೆ. ಗೆಳತಿಯರು ಸ್ನಾನಗೃಹಕ್ಕೆ ಕರೆದರೆ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾಳೆ. ಗೆರೆಗಳು ಗಂಟಲಿಗೆ ಏರಿದ ದಿನ ಅವಳ ದನಿಯೇ ಕಟ್ಟಿಹೋಗುತ್ತದೆ. ಕಡೆಗೆ ಸಾವಿರಾರು ಜನರ ಎದುರಿನ ರಂಗದ ಮೇಲೆಯೇ ಗುಟ್ಟು ಬಯಲಾಗುತ್ತದೆ.

ಆಗ ರೂಮಿ ಸೆಲೀನಳ ಬಳಿಗೆ ಓಡಿಬರುತ್ತಾಳೆ. ಆ ಹೆಂಗಸು ಮಾಡುವ ಮೊದಲ ಕೆಲಸವೆಂದರೆ ಬಟ್ಟೆ ಹೊದಿಸಿ ಆ ಗೆರೆಗಳನ್ನು ಮುಚ್ಚುವುದು. ಇನ್ನೂ ಸರಿಮಾಡಬಹುದು, ಇನ್ನೂ ಮುಚ್ಚಿಡಬಹುದು ಎಂಬ ಧೋರಣೆ. ಚಿತ್ರಮಂದಿರದಲ್ಲಿ ನಾನು ತಡೆಯಲಾರದೆ ಗಟ್ಟಿಯಾಗಿಯೇ ಬೈದುಬಿಟ್ಟೆ. ಮನೆಗೆ ಬರುವಾಗ ಸ್ಟೀವನ್ಸ್ ಕ್ರೀಕ್ ರಸ್ತೆಯುದ್ದಕ್ಕೂ ಬೈದೆ. ಹೆತ್ತ ತಾಯಿಯಾಗಿದ್ದರೆ ಹೀಗೆ ಮಾಡುತ್ತಿದ್ದಳೇ ಎಂದೆ. ಕಾರು ನಡೆಸುತ್ತಿದ್ದ ಮಗಳು ದೀಪದ ಬಳಿ ನಿಲ್ಲಿಸಿದಾಗ, ನನ್ನ ಕಡೆ ತಿರುಗದೆಯೇ ಹೇಳಿದಳು:

‘ಅಮ್ಮಾ, ಸೆಲೀನ್‌ನ ಯಾಕೆ ಅಷ್ಟು ಬೈತೀಯ? ಪಾಪ, ಅವಳೂ ನನ್ನ ಒಳ್ಳೇದಕ್ಕೇ ಅಲ್ವಾ ಮಾಡಿದ್ದು?’

‘ರೂಮಿಯ ಒಳ್ಳೆಯದಕ್ಕೆ’ ಎನ್ನಬೇಕಾದಲ್ಲಿ ಅವಳು ‘ನನ್ನ’ ಎಂದಳು. ಬಾಯಿ ತಪ್ಪಿ ಬಂದ ಮಾತೋ, ಬೇಕೆಂದೇ ಆಡಿದ ಮಾತೋ ಎಂದು ನಾನು ಇಂದಿಗೂ ಕೇಳಿಲ್ಲ.

ನಮ್ಮ ಮಗಳು ಆರನೆಯ ವಯಸ್ಸಿನಿಂದ ಭರತನಾಟ್ಯ ಕಲಿತವಳು. ಹದಿಮೂರು ತುಂಬಿದಾಗ ಅವಳ ಎಡ ಮೊಣಕೈಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಬಿಳಿಯ ಮಚ್ಚೆಯೊಂದು ಕಾಣಿಸಿತು. ಆರು ತಿಂಗಳಲ್ಲಿ ಬೆರಳುಗಳ ತುದಿಗೂ, ತುಟಿಯ ಪಕ್ಕಕ್ಕೂ ಹಬ್ಬಿತು. ವೈದ್ಯರು ತಾಳ್ಮೆಯಿಂದ ವಿವರಿಸಿದರು. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ಪರಕೀಯವೆಂದು ಭಾವಿಸಿ ನಾಶಮಾಡುತ್ತದೆ. ಇದು ಅಂಟುಜಾಡ್ಯವಲ್ಲ, ಪ್ರಾಣಕ್ಕೆ ಅಪಾಯವಿಲ್ಲ. ಲೋಕದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇರುತ್ತದೆ ಎಂದರು. ನಾನು ತಲೆಯಾಡಿಸಿದೆ. ಆದರೆ ನನ್ನ ಕಿವಿಗೆ ಕೇಳುತ್ತಿದ್ದುದು ನಮ್ಮ ಅಜ್ಜಿಯ ದನಿ. ಅಜ್ಜಿಯ ಕಾಲದಲ್ಲಿ ಇದನ್ನು ಶ್ವೇತಕುಷ್ಠವೆಂದೂ ಕರೆಯುತ್ತಿದ್ದರು. ಕುಷ್ಠಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಆ ಒಂದು ಹೆಸರಿನಿಂದ ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳ ಮದುವೆ ನಿಂತುಹೋಯಿತು, ಎಷ್ಟು ಮನೆಗಳಲ್ಲಿ ಅಕ್ಕನ ಮಚ್ಚೆಯಿಂದ ತಂಗಿಯ ಸಂಬಂಧ ಮುರಿಯಿತು ಎಂಬುದನ್ನು ಕೇಳುತ್ತಲೇ ನಾನು ಬೆಳೆದಿದ್ದೆ. ತೊನ್ನು ಎಂಬ ಮಾತನ್ನು ನಾನು ಆ ಮನೆಯಲ್ಲಿ ಒಮ್ಮೆಯೂ ಉಚ್ಚರಿಸಲಿಲ್ಲ. ‘ಅಲರ್ಜಿ’ ಎಂಬ ಹೆಸರು ಕೊಟ್ಟೆ.

ಆಮೇಲಿನ ಮೂರು ವರ್ಷ ನಾನು ನಡೆಸಿದ ಕಾರುಬಾರನ್ನು ನೆನೆದರೆ ಈಗ ಮೈ ಬೆವರುತ್ತದೆ. ರವಿಕೆಗಳ ತೋಳನ್ನು ಮೊಣಕೈ ದಾಟುವಂತೆ ಹೊಲಿಸಿದೆ. ಈಜು ತರಗತಿಯನ್ನು ಬಿಡಿಸಿದೆ. ಅವಳ ಮೈಬಣ್ಣಕ್ಕೆ ಹೊಂದುವ ಪ್ಯಾನ್‌ಕೇಕ್ ಡಬ್ಬಿಗಾಗಿ ಸ್ಯಾನ್ ಹೋಸೆಯಿಂದ ಫ್ರೀಮಾಂಟಿನವರೆಗೆ ಅಂಗಡಿಗಳನ್ನು ಅಲೆದೆ. ಶನಿವಾರದ ನೃತ್ಯ ತರಗತಿಗೆ ಹೊರಡುವ ಮುನ್ನ ಅವಳ ಬೆರಳುಗಳಿಗೆ ಬಣ್ಣ ಹಚ್ಚುವುದು ನಮ್ಮ ಮನೆಯ ನಿತ್ಯಕರ್ಮವಾಯಿತು. ಗೆಳತಿಯರಿಗೆ ಹೇಳಬೇಡ, ನೃತ್ಯದ ಗುರುಗಳಿಗೆ ಹೇಳಬೇಡ, ಊರಿಂದ ಫೋನು ಬಂದರೆ ಅತ್ತೆಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡೆ. 2008ರಲ್ಲಿ ರಂಗಪ್ರವೇಶವಾಯಿತು. ಪುಷ್ಪಾಂಜಲಿಯಿಂದ ತಿಲ್ಲಾನದವರೆಗೆ ಎರಡೂವರೆ ಗಂಟೆ. ಬಂದವರೆಲ್ಲ ಹೊಗಳಿದರು. ನಾನು ಮೊದಲ ಸಾಲಿನಲ್ಲಿ ಕುಳಿತು ವರ್ಣದ ಅಭಿನಯವನ್ನು ನೋಡಲಿಲ್ಲ. ಬೆವರಿಗೆ ಅವಳ ಬೆರಳಿನ ಬಣ್ಣ ಇಳಿಯುತ್ತಿದೆಯೇ ಎಂದು ಮಾತ್ರ ನೋಡುತ್ತಿದ್ದೆ. ಅಂದಿನ ರಾತ್ರಿ ಗೆಜ್ಜೆ ಬಿಚ್ಚಿದವಳು ಮತ್ತೆ ಕಟ್ಟಲಿಲ್ಲ. ಕಾಲೇಜಿನ ಓದು ಹೆಚ್ಚಾಯಿತೆಂದು ನಾವು ಎಲ್ಲರಿಗೂ ಹೇಳಿದೆವು. ಅದನ್ನು ನಾನೇ ನಂಬಿಯೂ ಬಿಟ್ಟೆ.

ಇದನ್ನು ಬರೆಯಲು ಅವಳ ಅನುಮತಿ ಕೇಳಿದೆ. ‘ಬರಿ. ಆದ್ರೆ ನನ್ನ ವಿಷಯ ಮಾತ್ರ ಬರೆದು ನಿನ್ನ ವಿಷಯ ಬಿಡಬೇಡ’ ಎಂದಳು. ಅವಳೀಗ ಅರ್ಧ ತೋಳಿನ ಅಂಗಿಯಲ್ಲಿಯೇ ಕಚೇರಿಗೆ ಹೋಗುತ್ತಾಳೆ. ಮದುವೆಗೆ ಮುಂಚೆ ನಾನು ಹೇಗೆ ಹೇಳುವುದೆಂದು ತಿಂಗಳುಗಟ್ಟಲೆ ಹೆಣಗುತ್ತಿದ್ದಾಗ ಅವಳು ಅಳಿಯಂದಿರಿಗೆ ಮೊದಲ ದಿನವೇ ತೋಳು ಮಡಿಸಿ ತೋರಿಸಿಬಿಟ್ಟಿದ್ದಳಂತೆ. ಅದು ನನಗೆ ತಿಳಿದದ್ದು ಮದುವೆಯಾಗಿ ಎರಡು ವರ್ಷಕ್ಕೆ.

ಐಡಲ್ ಎಂಬ ಮಾತಿಗೆ ನಮ್ಮ ನಿಘಂಟುಗಳು ಕೊಡುವ ಅರ್ಥ ವಿಗ್ರಹ. ಕೊರಿಯಾದವರೂ ಜಪಾನಿನವರೂ ಎಳೆಯ ಗಾಯಕ ಗಾಯಕಿಯರಿಗೆ ಈ ಹೆಸರನ್ನಿಟ್ಟದ್ದು ಎಷ್ಟು ಸರಿಯೆಂದು ಚಿತ್ರ ನೋಡಿದ ಮೇಲೆ ಅನ್ನಿಸಿತು. ನಮ್ಮಲ್ಲಿ ಭಿನ್ನವಾದ ವಿಗ್ರಹಕ್ಕೆ ಪೂಜೆಯಿಲ್ಲ. ಬೆರಳು ಮುರಿದರೆ, ಮೂಗು ಚಕ್ಕೆಯಾದರೆ ಹೊಳೆಗೆ ಬಿಡುತ್ತಾರೆ. ಜಕಣಾಚಾರಿಯ ಐತಿಹ್ಯವನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಬೇಲೂರಿನಲ್ಲಿ ಅವನು ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಎಳೆಯನೊಬ್ಬ ಸಾರಿದ. ಗಂಧ ಪೂಸಿ ನೋಡಿದರೆ ಹೊಕ್ಕುಳ ಬಳಿ ಗಂಧ ಆರಲಿಲ್ಲ. ಅಲ್ಲಿ ಉಳಿಯಿಟ್ಟಾಗ ನೀರೂ ಕಪ್ಪೆಯೂ ಹೊರಬಂದವು. ಜಕಣಾಚಾರಿ ತನ್ನ ಬಲಗೈಯನ್ನೇ ಕತ್ತರಿಸಿಕೊಂಡ. ದೋಷ ಕಂಡ ಹುಡುಗ ಅವನ ಮಗನೇ ಆಗಿದ್ದ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ, ಶಾಸನಗಳಲ್ಲಿ ಬೇರೆ ಶಿಲ್ಪಿಗಳ ಹೆಸರುಗಳಿವೆ. ಅದಿರಲಿ. ಈ ಕಥೆಯನ್ನು ನಾವು ಸದಾ ತಂದೆಯ ಕೈಯ ಕಥೆಯಾಗಿ, ಮಗನ ಜಾಣ್ಮೆಯ ಕಥೆಯಾಗಿ ಹೇಳುತ್ತೇವೆ. ಆ ವಿಗ್ರಹದ ಗತಿಯೇನಾಯಿತೆಂದು ಯಾರೂ ಕೇಳುವುದಿಲ್ಲ. ಅದು ಹೊಳೆಗೆ ಹೋಗಲಿಲ್ಲ. ಕಪ್ಪೆ ಚೆನ್ನಿಗರಾಯನೆಂದು, ದೋಷದ ಹೆಸರಿನಿಂದಲೇ, ಬೇಲೂರಿನ ಗುಡಿಯ ಆವರಣದಲ್ಲಿ ಇಂದಿಗೂ ನಿಂತಿದೆ.

ಈಗ ಚಿತ್ರದ ಬಗೆಗಿನ ನನ್ನ ಆಕ್ಷೇಪಣೆಯನ್ನೂ ಹೇಳಿಬಿಡಬೇಕು. ಹಂಟ್ರಿಕ್ಸ್ ತಂಡದವರು ಐಡಲ್‌ಗಳಾಗಲು ಹೊರಟವರಲ್ಲ, ಆಗಲೇ ಆಗಿಬಿಟ್ಟವರು. ಆ ಪೀಠವನ್ನು ಏರುವ ಮೆಟ್ಟಿಲುಗಳನ್ನು ಚಿತ್ರ ತೋರಿಸುವುದೇ ಇಲ್ಲ. ಕೊರಿಯಾದಲ್ಲಿ ಹತ್ತು ಹನ್ನೊಂದು ವಯಸ್ಸಿನ ಮಕ್ಕಳನ್ನು ಸಂಗೀತ ಸಂಸ್ಥೆಗಳು ಅಭ್ಯರ್ಥಿಗಳನ್ನಾಗಿ ಸೇರಿಸಿಕೊಳ್ಳುತ್ತವೆ. ಹಾಡು, ಕುಣಿತ, ಪರಭಾಷೆ, ಮೈತೂಕ ಎಲ್ಲಕ್ಕೂ ತರಬೇತಿ, ಎಲ್ಲಕ್ಕೂ ಪರೀಕ್ಷೆ. ರಂಗ ಹತ್ತುವವರು ಕೆಲವರು ಮಾತ್ರ. ಹತ್ತಿದ ಮೇಲಿನ ಕರಾರುಗಳು ಎಷ್ಟು ದೀರ್ಘವಾಗಿದ್ದವೆಂದರೆ, 2009ರಲ್ಲಿ ಅಲ್ಲಿಯ ಸರ್ಕಾರಿ ಆಯೋಗವೇ ನಡುವೆ ಬಂದು, ಏಳು ವರ್ಷಕ್ಕಿಂತ ಹೆಚ್ಚಿರಬಾರದೆಂದು ಮಾದರಿ ಕರಾರನ್ನು ಹೊರಡಿಸಬೇಕಾಯಿತು. ಚಿತ್ರದಲ್ಲಿ ಇದಾವುದರ ಸುಳಿವೂ ಇಲ್ಲ. ರಕ್ಕಸರೆಲ್ಲ ಪಾತಾಳದಿಂದಲೇ ಬರುತ್ತಾರೆ, ಕಚೇರಿಗಳಿಂದ ಬರುವುದಿಲ್ಲ.

ಆದರೆ ಚಿತ್ರ ತೋರಿಸದ ಕಥೆ ಚಿತ್ರದ ದನಿಯಲ್ಲಿಯೇ ಅಡಗಿದೆ. ರೂಮಿಗೆ ಹಾಡಿದಾಕೆ ಈಜೇ ಎಂಬ ಕೊರಿಯನ್ ಅಮೆರಿಕನ್ ಮಹಿಳೆ. ಈಕೆ ಹನ್ನೊಂದರ ಪ್ರಾಯದಲ್ಲಿ ಎಸ್.ಎಂ. ಎಂಟರ್‌ಟೈನ್‌ಮೆಂಟ್ ಎಂಬ ದೊಡ್ಡ ಸಂಸ್ಥೆಯಲ್ಲಿ ಅಭ್ಯರ್ಥಿಯಾಗಿ ಸೇರಿ, ಸುಮಾರು ಹತ್ತು ವರ್ಷಕ್ಕೂ ಮೇಲ್ಪಟ್ಟು ಅಭ್ಯಾಸ ಮಾಡಿದರು. ರಂಗಪ್ರವೇಶ ಆಗಲೇ ಇಲ್ಲ. ಹೊರಬಂದು ಬೇರೆಯವರಿಗಾಗಿ ಹಾಡು ಕಟ್ಟುವ ಕೆಲಸ ಹಿಡಿದರು. ರೆಡ್ ವೆಲ್ವೆಟ್ ಎಂಬ ಪ್ರಸಿದ್ಧ ತಂಡದ 2019ರ ‘ಸೈಕೋ’ ಹಾಡಿನ ರಚನೆಯಲ್ಲಿ ಅವರ ಪಾಲಿದೆ. ‘ಗೋಲ್ಡನ್’ ಹಾಡನ್ನು ಇತರರೊಡನೆ ಸೇರಿ ಬರೆದು, ಆಡ್ರಿ ನೂನಾ ಮತ್ತು ರೇ ಅಮಿ ಅವರ ಜೊತೆ ಹಾಡಿದಾಗ ಅವರ ವಯಸ್ಸು ಮೂವತ್ತು ದಾಟಿತ್ತು. 2025ರ ಆಗಸ್ಟ್‌ನಲ್ಲಿ ಆ ಹಾಡು ಅಮೆರಿಕೆಯ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಹೊಳೆಗೆ ಬಿಟ್ಟ ವಿಗ್ರಹ ಹೀಗೆ ತೇಲಿ ದಡಕ್ಕೆ ಬರುವುದು ಅಪರೂಪ. ಈಜೇ ಜೊತೆಯಲ್ಲಿ ಅಭ್ಯಾಸ ಮಾಡಿ, ರಂಗವನ್ನೂ ಹತ್ತದೆ, ಹಾಡನ್ನೂ ಬರೆಯದೆ ಮನೆಗೆ ಮರಳಿದ ಹುಡುಗಿಯರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ.

ಇದು ಬರಿಯ ಕೊರಿಯಾದ ಕಥೆಯೆಂದು ತಾವು ತಿಳಿಯಬಾರದು. ಒಡಿಸ್ಸಿ ನೃತ್ಯ ಕಲಿತ ಒಡಿಶಾದ ಶ್ರೇಯಾ ಲೆಂಕಾ 2022ರಲ್ಲಿ ಬ್ಲ್ಯಾಕ್‌ಸ್ವಾನ್ ಎಂಬ ಕೊರಿಯನ್ ತಂಡಕ್ಕೆ ಆಯ್ಕೆಯಾದರು. 2023ರಲ್ಲಿ ಕೊರಿಯಾದ ಪದ್ಧತಿಯನ್ನು ಲಾಸ್ ಏಂಜಲೀಸ್‌ಗೆ ತಂದು ನಡೆಸಿದ ಸ್ಪರ್ಧೆಯಲ್ಲಿ ಇಪ್ಪತ್ತು ಹುಡುಗಿಯರ ಪೈಕಿ ಆರು ಮಂದಿಯನ್ನು ಆರಿಸಿ ಕಟ್ಸ್‌ಐ ಎಂಬ ತಂಡ ಕಟ್ಟಿದರು. ಅವರಲ್ಲಿ ಒಬ್ಬಳು ತಮಿಳು ಮನೆತನದ ಲಾರಾ ರಾಜ್. ನಮ್ಮ ಬೇ ಏರಿಯಾದ ಮನೆಗಳಲ್ಲಿ ಆ ಹುಡುಗಿಯ ಹಣೆಯ ಬಿಂದಿಯ ಬಗ್ಗೆ ಎಷ್ಟು ಹೆಮ್ಮೆಯ ಮಾತುಗಳು! ಉಳಿದ ಹದಿನಾಲ್ಕು ಮಂದಿಯ ಬಗ್ಗೆ ಮಾತೇ ಇಲ್ಲ.

ಈ ಆರು ಮತ್ತು ಹದಿನಾಲ್ಕರ ಲೆಕ್ಕ ನಮ್ಮ ಮನೆಗಳದೂ ಹೌದು. ಐದನೆಯ ವಯಸ್ಸಿಗೆ ನೃತ್ಯ, ಆರಕ್ಕೆ ಸಂಗೀತ, ಏಳಕ್ಕೆ ಗಣಿತದ ಮನೆಪಾಠ, ಎಂಟಕ್ಕೆ ಸ್ಪೆಲಿಂಗ್ ಬೀ. ರಂಗಪ್ರವೇಶದ ಆಮಂತ್ರಣ ಪತ್ರಿಕೆ ಮದುವೆಯ ಕರೆಯೋಲೆಗಿಂತ ದಪ್ಪ. ಇಷ್ಟಾಗಿಯೂ ನಮ್ಮ ಮಗುವಿನ ಕೈ ಸೋತಿದೆ, ಮನಸ್ಸು ಕುಗ್ಗಿದೆ, ಗಣಿತ ಹತ್ತುತ್ತಿಲ್ಲ ಎಂದು ಎದುರು ಮನೆಯವರಿಗೆ ಹೇಳಿದ ತಾಯಿಯನ್ನು ಈ ಊರಿನಲ್ಲಿ ನಾನು ಕಂಡಿಲ್ಲ. ನಮ್ಮ ನೆರೆಯ ಪಾಲೋ ಆಲ್ಟೋದಲ್ಲಿ 2009ರಲ್ಲಿಯೂ, ಮತ್ತೆ 2014–15ರಲ್ಲಿಯೂ ಹೈಸ್ಕೂಲಿನ ಮಕ್ಕಳನ್ನು ಒಬ್ಬರ ಹಿಂದೊಬ್ಬರಂತೆ ಕಳೆದುಕೊಂಡೆವು. ರೈಲು ಹಳಿಗಳ ಬಳಿ ಕಾವಲು ನಿಲ್ಲಿಸಬೇಕಾಯಿತು. ಆ ಮಕ್ಕಳ ಮನಸ್ಸಿನಲ್ಲಿ ಏನಿತ್ತೆಂದು ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ಆ ದಿನಗಳಲ್ಲಿ ಇಲ್ಲಿಯ ತಾಯಂದಿರೆಲ್ಲ ಮಕ್ಕಳು ಮಲಗಿದ ಕೋಣೆಯ ಬಾಗಿಲನ್ನು ರಾತ್ರಿ ಎರಡೆರಡು ಸಲ ತೆರೆದು ನೋಡುತ್ತಿದ್ದೆವು ಎಂಬುದನ್ನಷ್ಟೇ ಬಲ್ಲೆ.

ಇಷ್ಟು ಹೇಳಿದ ಮೇಲೆ ‘ಹಾಗಾದರೆ ಅಭ್ಯಾಸವೇ ಬೇಡವೇ? ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡೋಣವೇ?’ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಕೊಡುವ ಉತ್ತರ ಗಂಗೂಬಾಯಿ ಹಾನಗಲ್ಲರದು.

1913ರಲ್ಲಿ ಹುಟ್ಟಿದ ಗಂಗೂಬಾಯಿ ಬೆಳೆದದ್ದು ಧಾರವಾಡದ ಶುಕ್ರವಾರಪೇಟೆಯಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದುಸ್ತಾನಿ ಅಭ್ಯಾಸಕ್ಕೆ ತನ್ನ ಶೈಲಿ ಅಡ್ಡಬರಬಾರದೆಂದು ತಾನು ಹಾಡುವುದನ್ನೇ ಬಿಟ್ಟ ತಾಯಿ ಆಕೆ. ಬೀದಿಯಲ್ಲಿ ನಡೆದರೆ ‘ಗಾನೇವಾಲಿ’ ಎಂಬ ಮೂದಲಿಕೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ್ದ ಆ ಒಂದೇ ಅಧಿವೇಶನದಲ್ಲಿ, ಈ ಬಾಲಕಿ ಸ್ವಾಗತಗೀತೆ ಹಾಡಿದಳು. ಹಾಡುವಾಗಲೂ ಅವಳ ಮನಸ್ಸಿನಲ್ಲಿ ಒಂದು ಅಳುಕಿತ್ತಂತೆ: ಊಟದ ಹೊತ್ತಿಗೆ ತನ್ನ ಜಾತಿಯ ಕಾರಣದಿಂದ ಬೇರೆ ಕೂರಿಸುತ್ತಾರೋ, ಎಲೆ ಎತ್ತಿಸುತ್ತಾರೋ ಎಂದು. ಮುಂದೆ ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಮನೆಯಲ್ಲಿ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಒಂದೊಂದು ಸ್ವರಪುಂಜವನ್ನು ದಿನಗಟ್ಟಲೆ ತಿಕ್ಕಿಸುವ ಗುರುಗಳು. ಕೊರಿಯಾದ ಯಾವ ಸಂಸ್ಥೆಯ ತರಬೇತಿಯೂ ಅದಕ್ಕಿಂತ ಕಠಿಣವಿರಲಾರದು.

ನಾನು ಹೇಳಬೇಕೆಂದಿರುವುದು ಮುಂದಿನ ಸಂಗತಿ. ಎಳೆಯ ಗಂಗೂಬಾಯಿಯ ದನಿ ತೆಳುವಾಗಿ, ಇಂಪಾಗಿತ್ತು. ಆ ಕಾಲದ ಧ್ವನಿಮುದ್ರಿಕೆಗಳಲ್ಲಿ ಅದನ್ನು ಕೇಳಬಹುದು. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ಆ ದನಿ ಹೋಯಿತು. ಬಂದದ್ದು ದಪ್ಪನೆಯ, ಗಂಡುದನಿಯೆಂದು ಜನ ಬೆರಗಾಗುವಂಥ ದನಿ. ಗಾಯಕಿಯೊಬ್ಬಳಿಗೆ ಇದಕ್ಕಿಂತ ದೊಡ್ಡ ಭಂಗವುಂಟೇ? ಅವರು ಆ ಹಳೆಯ ದನಿಯನ್ನು ಅನುಕರಿಸಲು ಹೋಗಲಿಲ್ಲ. ತೋಳು ಉದ್ದಮಾಡಿಸಿ ಮುಚ್ಚಲೂ ಇಲ್ಲ. ಬಂದ ದನಿಯಲ್ಲಿಯೇ ಅರವತ್ತು ವರ್ಷಗಳಿಗೂ ಮೇಲ್ಪಟ್ಟು ಹಾಡಿದರು. 2002ರಲ್ಲಿ ಪದ್ಮವಿಭೂಷಣ ಪಡೆದು, 2009ರಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಇಂದು ಗಂಗೂಬಾಯಿ ಎಂದರೆ ನಮ್ಮ ಕಿವಿಯಲ್ಲಿ ಮೊಳಗುವುದು ಆ ಒಡೆದ ಮೇಲಿನ ದನಿಯೇ. ಮೊದಲಿನ ಇಂಪು ದನಿ ಸಂಗ್ರಾಹಕರಿಗೆ ಮಾತ್ರ ಗೊತ್ತು. ಅಭ್ಯಾಸವನ್ನು ಅವರು ಒಂದು ದಿನವೂ ಬಿಡಲಿಲ್ಲ. ಬಿಟ್ಟದ್ದು ದೋಷವಿಲ್ಲದವಳಂತೆ ಕಾಣಿಸಿಕೊಳ್ಳುವ ಆಸೆಯನ್ನು. ಕಠಿಣ ಅಭ್ಯಾಸಕ್ಕೂ ಈ ಮುಚ್ಚಾಟಕ್ಕೂ ಇರುವ ವ್ಯತ್ಯಾಸವನ್ನು ನಾನು ತಿಳಿಯದೇ ಹೋದೆ. ಮಗಳಿಗೆ ಎರಡನ್ನೂ ಒಂದೇ ಬಟ್ಟಲಿನಲ್ಲಿ ಕಲಸಿ ಕುಡಿಸಿದೆ.

ನಿರ್ದೇಶಕಿ ಮ್ಯಾಗಿ ಕಾಂಗ್ ಸೋಲ್‌ನಲ್ಲಿ ಹುಟ್ಟಿ, ಐದನೆಯ ವಯಸ್ಸಿನಿಂದ ಕೆನಡಾದಲ್ಲಿ ಬೆಳೆದವರು. ಎಂದರೆ ನಮ್ಮ ಮಕ್ಕಳಂಥವರೇ. ಸಹ ನಿರ್ದೇಶಕ ಕ್ರಿಸ್ ಆಪಲ್‌ಹ್ಯಾನ್ಸ್ ಅವರ ಜೊತೆಗೂಡಿ ತಮ್ಮ ಅಜ್ಜಿಯರ ಕಾಲದ ಜನಪದ ಚಿತ್ರಗಳ ಹುಲಿ ಮತ್ತು ಹಕ್ಕಿಯನ್ನೂ, ಹಾಡಿ ಕುಣಿದು ದೆವ್ವ ಬಿಡಿಸುವ ಅಲ್ಲಿಯ ಮುದಾಂಗ್ ಹೆಂಗಸರನ್ನೂ ಪಾಪ್ ಸಂಗೀತದ ನಡುವೆ ತಂದು ನಿಲ್ಲಿಸಿದ್ದಾರೆ. ಚಿತ್ರ ನೋಡುವಾಗ ನನಗೆ ನಮ್ಮ ಹುಲಿವೇಷ, ಸೋಮನ ಕುಣಿತಗಳು ನೆನಪಾದವು. ಆ ಐವರು ಹುಡುಗಿಯರಿಗೆ ಬುದ್ಧಿವಾದ ಬರೆಯುವ ಬದಲು ‘ಗೋಲ್ಡನ್ ಹಾಡಿಗೆ ಕುಣಿಯಿರಿ, ಜೊತೆಗೆ ಒಂದು ಸೋಮನ ಕುಣಿತ ಕಲಿಸುತ್ತೇವೆ, ಬನ್ನಿ’ ಎಂದು ಬರೆಯಬಹುದಿತ್ತಲ್ಲವೇ ಎಂದು ಆ ರಾತ್ರಿ ಅನ್ನಿಸಿತು. ಸೆಪ್ಟೆಂಬರಿನಲ್ಲಿ ಅವರಲ್ಲಿ ಇಬ್ಬರ ತಾಯಂದಿರಿಗೆ ಫೋನು ಮಾಡಿದೆ. ಹುಡುಗಿಯರು ಅಷ್ಟರಲ್ಲಿ ಬೇರೆ ಯಾವುದೋ ವೇದಿಕೆಯಲ್ಲಿ ಹೆಸರು ಕೊಟ್ಟಿದ್ದರು. ನಮ್ಮ ಕಾರ್ಯಕ್ರಮಕ್ಕೆ ಅವರು ಪ್ರೇಕ್ಷಕರಾಗಿಯೂ ಬರಲಿಲ್ಲ.

ಆದ್ದರಿಂದ ಸಮ್ಮೇಳನದ ಸಂಚಾಲಕರಲ್ಲಿ ನನ್ನದೊಂದು ಅರಿಕೆ. ಯುವ ವೇದಿಕೆಗೆ ಆಯ್ಕೆ ನಡೆಯುವುದು ತಿಂಗಳುಗಳ ಮುಂಚೆ ಕಳಿಸಿದ ವಿಡಿಯೋಗಳಿಂದ. ಹತ್ತು ಸಲ ಚಿತ್ರಿಸಿ, ತಪ್ಪಿಲ್ಲದ ಹನ್ನೊಂದನೆಯದನ್ನು ಕಳಿಸುತ್ತಾರೆಂಬುದು ನಮಗೆಲ್ಲ ಗೊತ್ತಿದೆ. ಅದು ಇರಲಿ, ಬೇಡವೆನ್ನುವುದಿಲ್ಲ. ಆದರೆ ಎರಡನೆಯ ದಿನ ಮಧ್ಯಾಹ್ನ, ಊಟದ ನಂತರ ಸಭಾಂಗಣ ಹೇಗೂ ಅರ್ಧ ಖಾಲಿಯಿರುವ ಹೊತ್ತಿನಲ್ಲಿ, ಒಂದು ಗಂಟೆಯ ಕಾಲ ಆಯ್ಕೆಯೂ ಬಹುಮಾನವೂ ಇಲ್ಲದ ವೇದಿಕೆಯೊಂದನ್ನು ಬಿಟ್ಟುಕೊಡಿ. ಅರ್ಧ ಕಲಿತವರು, ಕಲಿತು ಬಿಟ್ಟವರು, ದನಿ ಒಡೆದ ಹುಡುಗರು, ಹದಿನೆಂಟು ವರ್ಷಗಳಿಂದ ಗೆಜ್ಜೆ ಕಟ್ಟದವರು ಬಂದು ಹಾಡಲಿ, ಕುಣಿಯಲಿ. ವಿಡಿಯೋ ಚಿತ್ರೀಕರಣ ಬೇಡ. ನಮ್ಮ ಮಗಳು ಬರುತ್ತಾಳೆಂದು ನಾನು ಮಾತು ಕೊಡಲಾರೆ. ಕೇಳಿದಾಗ ನಕ್ಕಳು, ಅಷ್ಟೇ.

ನನ್ನನ್ನು ಈ ಸಲ ನೇಪಥ್ಯದ ಪ್ರಸಾಧನ ಕೊಠಡಿಗೆ ಸ್ವಯಂಸೇವಕಿಯಾಗಿ ಹಾಕಿದ್ದಾರೆ. ಸೇಫ್ಟಿ ಪಿನ್ನು, ಸೂಜಿದಾರ, ಮುಡಿಗೆ ಹೂವು, ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆ ಎಲ್ಲವೂ ನನ್ನ ಚೀಲದಲ್ಲಿರುತ್ತವೆ. ಪ್ಯಾನ್‌ಕೇಕ್ ಡಬ್ಬಿಯನ್ನು ಮಾತ್ರ ತರುತ್ತಿಲ್ಲ. ಬೇಕಾದವರು ದಯವಿಟ್ಟು ತಾವೇ ತಂದುಕೊಳ್ಳತಕ್ಕದ್ದು.